ಹಂಪಿಯ ಟಿಕೆಟ್ಟಿಗೆ ಗೊತ್ತಿಲ್ಲದ ಊರಿನವರು

ಹಂಪಿಯ ವಿಠ್ಠಲ ದೇವಾಲಯದ ಬಾಗಿಲಲ್ಲಿ ಕೊಡುವ ಟಿಕೆಟ್ಟು ಜನರನ್ನು ಎರಡೇ ಗುಂಪಾಗಿ ವಿಂಗಡಿಸುತ್ತದೆ. 2018ರ ಆಗಸ್ಟಿನಲ್ಲಿ ನಿಗದಿಯಾದ ದರದ ಪ್ರಕಾರ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ಸಾರ್ಕ್ ಮತ್ತು ಬಿಮ್‌ಸ್ಟೆಕ್ ಕೂಟದ ದೇಶಗಳವರಿಗೆ ಭಾರತೀಯರ ದರವೇ ಅನ್ವಯಿಸುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ದುಡ್ಡಿಲ್ಲ. ಅದೇ ದಿನ ಅದೇ ಟಿಕೆಟ್ಟಿನಲ್ಲಿ ಕಮಲ ಮಹಲು, ಗಜಶಾಲೆಗಳಿರುವ ಜನಾನಾ ಆವರಣವನ್ನೂ ಕಮಲಾಪುರದ ವಸ್ತುಸಂಗ್ರಹಾಲಯವನ್ನೂ ನೋಡಬಹುದು. ಕಠ್ಮಂಡುವಿನಿಂದ ಬಂದವರು, ಮುಂಬೈಯಿಂದ ಬಂದವರು, ಪಕ್ಕದ ಕಮಲಾಪುರದಿಂದ ಸೈಕಲ್ಲು ತುಳಿದು ಬಂದವರು, ಈ ಚೀಟಿಯ ಮುಂದೆ ಮೂವರೂ ಒಂದೇ. ಸ್ಮಾರಕದ ನೆರೆಯಲ್ಲೇ ಹುಟ್ಟಿ, ವಿಜಯನಗರದ ಕಾಲುವೆಯ ನೀರಿನಲ್ಲಿ ಬಾಳೆ ಬೆಳೆದು, ಸ್ಮಾರಕದ ಕಾನೂನಿಗೆ ತಲೆಬಾಗಿ ಬದುಕುವವರಿಗೆ ಅದರಲ್ಲಿ ಬೇರೆ ಸಾಲಿಲ್ಲ. 40 ರೂಪಾಯಿ ಇವತ್ತು ಯಾರಿಗೂ ಭಾರವಲ್ಲ ಎಂದು ಹೇಳುವವರಿದ್ದಾರೆ. ಮೊತ್ತವನ್ನು ಸದ್ಯಕ್ಕೆ ಬದಿಗಿಡೋಣ. ಊರಿನವರಿಗೆ ಬಾಗಿಲು ತೆರೆದಿಡುವುದೆಂದರೆ ಪುರಾತತ್ವ ಇಲಾಖೆ ತೋರಿಸಬಹುದಾದ ಔದಾರ್ಯ ಎಂದು ನಾವು ಭಾವಿಸುತ್ತ ಬಂದಿದ್ದೇವೆ. ಹಂಪಿಯ ಚರಿತ್ರೆಯನ್ನು ಎಚ್ಚರದಿಂದ ಓದಿದರೆ ಅದು ಅವರಿಗೆ ಸಲ್ಲಬೇಕಾದ ಬಾಕಿ ಎಂದು ಕಾಣುತ್ತದೆ. ಆ ಬಾಕಿ ಹೇಗೆ ಬೆಳೆಯಿತು, ಅದನ್ನು ಯಾವ ಆಧಾರದ ಮೇಲೆ ತೀರಿಸಬೇಕು ಎಂಬುದನ್ನು ಇಲ್ಲಿ ವಿಚಾರಿಸುತ್ತೇನೆ.

ಮೊದಲು ಒಂದು ತಪ್ಪು ಚಿತ್ರವನ್ನು ತೆಗೆದುಹಾಕಬೇಕು. ಹಂಪಿ ಎಂದೊಡನೆ 'ಹಾಳು' ಎಂಬ ಮಾತು ನಮ್ಮ ನಾಲಿಗೆಗೆ ತಾನಾಗಿ ಬರುತ್ತದೆ. ರಾಬರ್ಟ್ ಸೀವೆಲ್ 1900ರಲ್ಲಿ ವಿಜಯನಗರದ ಕುರಿತು ಬರೆದ ಪುಸ್ತಕದ ಹೆಸರೇ ಅದನ್ನು ಮರೆತುಹೋದ ಸಾಮ್ರಾಜ್ಯವೆಂದು ಸಾರಿತು. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಕಾಳಗವಾಯಿತು, ನಗರ ಸುಲಿಗೆಯಾಯಿತು, ಜನ ಚದುರಿದರು, ಬಂಡೆಗಳ ನಡುವೆ ಮೌನ ಕವಿಯಿತು, ಕೊನೆಗೆ ಸರ್ಕಾರಿ ಇಲಾಖೆ ಬಂದು ಕಾಪಾಡಿತು ಎಂಬ ಕಥೆ ಶಾಲೆಯ ಪುಸ್ತಕದಿಂದ ಪ್ರವಾಸಿ ಕೈಪಿಡಿಯವರೆಗೆ ಹಬ್ಬಿದೆ. ರಾಜಧಾನಿ ಬಿದ್ದದ್ದು ನಿಜ. ಊರು ಬೀಳಲಿಲ್ಲ. 1336ರಲ್ಲಿ ಸಂಗಮ ವಂಶದವರು ಬರುವುದಕ್ಕಿಂತ ಬಹಳ ಮೊದಲೇ ಇದು ಪಂಪಾಕ್ಷೇತ್ರ. 'ಪಂಪಾಶತಕ', 'ಗಿರಿಜಾಕಲ್ಯಾಣ'ಗಳನ್ನು ಬರೆದ ಹರಿಹರ ವಿರೂಪಾಕ್ಷನ ಸನ್ನಿಧಿಯಲ್ಲಿ ಬಾಳಿದ ಕವಿ. ಅರಸೊತ್ತಿಗೆ ಪೆನುಕೊಂಡೆಗೆ ಹೋದ ಮೇಲೂ ವಿರೂಪಾಕ್ಷನ ಪೂಜೆ ಮುಂದುವರಿಯಿತು. ಚೈತ್ರದ ರಥೋತ್ಸವವೂ ಫಲಪೂಜೆಯೂ ಇಂದಿಗೂ ಊರಿನ ವರ್ಷವನ್ನು ಅಳೆಯುತ್ತವೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಆ ಗುಡಿಯ ಗೋಪುರಕ್ಕೆ ದುರಸ್ತಿಯೂ ಆಯಿತು. ಯಾರೂ ಇಲ್ಲದ ಊರಿನ ಗೋಪುರವನ್ನು ದುರಸ್ತಿ ಮಾಡುವ ಅಗತ್ಯ ಯಾರಿಗೂ ಬೀಳುವುದಿಲ್ಲ.

ಗುಡಿಗಿಂತಲೂ ಗಟ್ಟಿಯಾದ ಸಾಕ್ಷಿ ನೀರಿನದು. ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆ, ಕಮಲಾಪುರದ ಕೆರೆ, ಇವೆಲ್ಲ ವಿಜಯನಗರದ ಕಾಲದ ಕೆಲಸಗಳು, ಇವತ್ತೂ ನೀರು ಕೊಡುವಂಥವು. ಕಾಲುವೆ ಎಂಬುದು ಕಲ್ಲಿನ ಗೋಪುರದ ಹಾಗೆ ತನ್ನಷ್ಟಕ್ಕೆ ನಿಲ್ಲುವ ವಸ್ತುವಲ್ಲ. ವರ್ಷವರ್ಷ ಹೂಳು ತೆಗೆಯಬೇಕು, ತೂಬು ಕಾಯಬೇಕು, ಒಡೆದ ಏರಿಗೆ ಮಣ್ಣು ಹಾಕಬೇಕು, ಮೇಲಿನ ಗದ್ದೆಯವನೂ ಕೆಳಗಿನ ಗದ್ದೆಯವನೂ ನೀರಿನ ಸರದಿಗೆ ಒಪ್ಪಬೇಕು. ನಾಲ್ಕೂವರೆ ಶತಮಾನ ಈ ಕೆಲಸ ನಿಂತಿದ್ದರೆ ತುರ್ತು ಕಾಲುವೆಯ ಕಣಿವೆಯಲ್ಲಿ ಈಗ ಕಾಣುವ ಭತ್ತ, ಕಬ್ಬು, ಬಾಳೆಯ ಹಸಿರು ಇರುತ್ತಿರಲಿಲ್ಲ. ಅರಸರು ಕಟ್ಟಿಸಿದ್ದರಲ್ಲಿ ಅತ್ಯಂತ ಚೆನ್ನಾಗಿ ಉಳಿದಿರುವುದು ಯಾವುದೆಂದು ಕೇಳಿದರೆ ನಾನು ವಿಠ್ಠಲ ದೇವಾಲಯದ ಕಲ್ಲಿನ ರಥವನ್ನಲ್ಲ, ಈ ಕಾಲುವೆಗಳನ್ನು ತೋರಿಸುತ್ತೇನೆ. ಅವನ್ನು ಉಳಿಸಿದವರು ಕಮಲಾಪುರ, ಹಂಪಿ, ವೆಂಕಟಾಪುರ, ಬುಕ್ಕಸಾಗರ, ಆನೆಗೊಂದಿಗಳ ರೈತರು. ಕಾಲಿನ್ ಮೆಕೆಂಜಿ 1799-1800ರ ಸುಮಾರಿಗೆ ಇಲ್ಲಿ ನಕ್ಷೆ ಬರೆಸಿದಾಗ, ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಗುಡಿ ಮಂಟಪಗಳ ಚಿತ್ರ ಹಿಡಿದಾಗ, ಅವರಿಗೆ ದಾರಿ ತೋರಲು, ದೋಣಿ ದಾಟಿಸಲು, ಹೊರೆ ಹೊರಲು ಜನ ಬೇಕಿತ್ತು. ಚಿತ್ರಗಳಲ್ಲಿ ಕಲ್ಲು ಉಳಿಯಿತು, ಜನ ಉಳಿಯಲಿಲ್ಲ. ಮುಂದೆ ಬಂದ ಕಾನೂನುಗಳ ಕಣ್ಣೂ ಹೆಚ್ಚುಕಡಿಮೆ ಹೀಗೆಯೇ ನೋಡಿತು.

ಇಲ್ಲಿ ಒಂದು ಆಕ್ಷೇಪ ಏಳಬಹುದು, ಅದೂ ಚರಿತ್ರೆಯೊಳಗಿಂದಲೇ. ಹಂಪಿಯ ಬಾಗಿಲಲ್ಲಿ ದುಡ್ಡು ಕೇಳುವುದು ಹೊಸದೇನಲ್ಲ. ಹದಿನಾರನೆಯ ಶತಮಾನದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್, ನಗರದ ಒಂದು ಬಾಗಿಲಿನ ಸುಂಕವನ್ನು ವರ್ಷಕ್ಕೆ 12,000 ಪರ್ದಾವ್‌ಗಳಿಗೆ ಗುತ್ತಿಗೆ ಕೊಡಲಾಗಿತ್ತೆಂದೂ, ಗುತ್ತಿಗೆದಾರ ಕೇಳಿದಷ್ಟು ಕೊಡದೆ ನಾಡಿನವರಾಗಲಿ ಹೊರಗಿನವರಾಗಲಿ ಒಳಗೆ ಹೋಗುವಂತಿರಲಿಲ್ಲವೆಂದೂ ಬರೆದಿದ್ದಾನೆ. ಹಾಗಾದರೆ ಊರಿನವರಿಗೆ ವಿನಾಯಿತಿ ಎಂಬುದಕ್ಕೆ ಪರಂಪರೆ ಎಲ್ಲಿದೆ? ಆಕ್ಷೇಪ ಬಲವಾಗಿ ಕಾಣುತ್ತದೆ, ಆದರೆ ಆ ಸುಂಕ ಯಾವುದರ ಮೇಲಿತ್ತು ಎಂದು ನೋಡಬೇಕು. ನಗರಕ್ಕೆ ಬೇಕಾದ ಸರಕೆಲ್ಲ ಹೊರಗಿನಿಂದ ಎತ್ತುಗಳ ಬೆನ್ನ ಮೇಲೆ ಬರುತ್ತಿತ್ತು ಎಂದು ಅದೇ ನೂನಿಜ್ ಹೇಳುತ್ತಾನೆ. ಅದು ಪೇಟೆಗೆ ಬರುವ ಸರಕಿನ ದಾರಿಯಲ್ಲಿ ಕಟ್ಟಿದ ಸುಂಕದ ಕಟ್ಟೆ. ಅದನ್ನು ಕೊಟ್ಟವನಿಗೆ ಪ್ರತಿಯಾಗಿ ದಕ್ಷಿಣ ಭಾರತದ ಅತಿ ದೊಡ್ಡ ಪೇಟೆಗಳಲ್ಲೊಂದರಲ್ಲಿ ವ್ಯಾಪಾರ ಮಾಡುವ ಅವಕಾಶ ಸಿಗುತ್ತಿತ್ತು. ಗುಡಿಯ ಅಂಗಳದಲ್ಲಿ ನಿಲ್ಲುವುದಕ್ಕೆ, ಕಂಬದ ಮೇಲಿನ ಕೆತ್ತನೆ ನೋಡುವುದಕ್ಕೆ ಹಾಕಿದ ಬೆಲೆ ಅದಲ್ಲ. ನೋಟಕ್ಕೆ ಬೆಲೆ ಕಟ್ಟುವ ಪದ್ಧತಿ ಅರಸರ ಕಾಲದ್ದಲ್ಲ, ನಮ್ಮ ಕಾಲದ್ದು.

ಆ ಪದ್ಧತಿಯ ಬೇರು 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆಯಲ್ಲಿದೆ. ಕರ್ಜನ್ ವೈಸರಾಯ್ ಆಗಿದ್ದಾಗ ಬಂದ ಕಾಯ್ದೆ ಅದು. ಹಂಪಿ ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ತುಂಗಭದ್ರಾ ಹೊಳೆಯಾಚೆಯ ಆನೆಗೊಂದಿ ನಿಜಾಮನ ಸೀಮೆಗೆ. ಕಾಯ್ದೆಯ 13ನೇ ಸೆಕ್ಷನ್ ಪೂಜಾಸ್ಥಳಗಳ ವಿಷಯ ಮಾತಾಡುತ್ತದೆ: ಅಂಥ ಸ್ಮಾರಕವನ್ನು ಸರ್ಕಾರ ನೋಡಿಕೊಳ್ಳುತ್ತಿದ್ದರೂ, ಆ ಸಮುದಾಯದ ಧಾರ್ಮಿಕ ಪದ್ಧತಿಯ ಪ್ರಕಾರ ಒಳಗೆ ಬರಬಾರದವರು ಬಾರದಂತೆ ಕಲೆಕ್ಟರು ನೋಡಿಕೊಳ್ಳಬೇಕು. 15ನೇ ಸೆಕ್ಷನ್ ಸಾರ್ವಜನಿಕರಿಗೆ ಸ್ಮಾರಕಗಳಿಗೆ ಪ್ರವೇಶದ ಹಕ್ಕನ್ನು ಕೊಡುತ್ತದೆ, ಸರ್ಕಾರ ಮಾಡುವ ನಿಯಮಗಳಿಗೆ ಒಳಪಟ್ಟು. ಈ ಎರಡರ ನಡುವೆ ಒಂದು ದೊಡ್ಡ ತೆರವು ಉಳಿಯಿತು. ಸ್ಥಳೀಯ ಮನುಷ್ಯ ಕಾಯ್ದೆಯ ಕಣ್ಣಿಗೆ ಬಿದ್ದದ್ದು ಭಕ್ತನಾಗಿ ಮಾತ್ರ. ಭಕ್ತನಲ್ಲದಿದ್ದರೆ ಅವನು ಸಾರ್ವಜನಿಕರಲ್ಲಿ ಒಬ್ಬ. ಗುಡಿಯ ಪಕ್ಕದ ಹೊಲದವನು, ಮಂಟಪದ ನೆರಳಲ್ಲಿ ದನ ಕಾಯುತ್ತ ಕೂರುವವನು, ಹೊಳೆದಂಡೆಯ ಹಾದಿಯಲ್ಲಿ ತಳವಾರಘಟ್ಟಕ್ಕೆ ಹೋಗಿ ಹರಿಗೋಲು ಹತ್ತುವವನು, ಇವರಿಗೂ ಆ ಜಾಗಕ್ಕೂ ಇರುವ ಸಂಬಂಧಕ್ಕೆ ಕಾನೂನಿನಲ್ಲಿ ಹೆಸರಿಲ್ಲದೆ ಹೋಯಿತು.

ಇದರ ಪರಿಣಾಮ ಹಂಪಿಯಲ್ಲಿ ನೆಲದ ಮೇಲೇ ಗೆರೆ ಎಳೆದಂತೆ ಕಾಣುತ್ತದೆ. ವಿರೂಪಾಕ್ಷನ ಗುಡಿಯಲ್ಲಿ ಪೂಜೆ ನಡೆಯುತ್ತದೆ, ಆದ್ದರಿಂದ ಅದು ಭಕ್ತರದ್ದು. ಮಾಲ್ಯವಂತ ರಘುನಾಥ, ಚಕ್ರತೀರ್ಥದ ಕೋದಂಡರಾಮ, ಯಂತ್ರೋದ್ಧಾರಕ ಆಂಜನೇಯ, ಇಲ್ಲೆಲ್ಲ ದೀಪ ಉರಿಯುತ್ತದೆ, ಯಾರೂ ಟಿಕೆಟ್ಟು ಕೇಳುವುದಿಲ್ಲ. ವಿಠ್ಠಲನ ಗರ್ಭಗುಡಿ ಬರಿದಾಗಿದೆ. ಅಲ್ಲಿ ದೇವರಿಲ್ಲದ್ದರಿಂದ ಭಕ್ತರಿಲ್ಲ, ಭಕ್ತರಿಲ್ಲದ್ದರಿಂದ ಊರಿನವರೂ ಇಲ್ಲ, ಇರುವವರು ಪ್ರವಾಸಿಗರು. ಆದರೆ ವಿಠ್ಠಲ ದೇವಾಲಯ ಊರಿನ ಬದುಕಿನಿಂದ ಬೇರ್ಪಟ್ಟ ಕಟ್ಟಡವೆಂದೂ ಆಗಿರಲಿಲ್ಲ. ಅದರ ಮುಂದಿನ ತೇರಿನ ಬೀದಿ, ಪುಷ್ಕರಿಣಿ, ಹೊಳೆಗೆ ಇಳಿಯುವ ದಾರಿ, ಪುರಂದರದಾಸರ ಆರಾಧನೆ ನಡೆಯುವ ಮಂಟಪ, ಎಲ್ಲವೂ ಒಂದೇ ಓಡಾಟದ ಜಾಲದೊಳಗಿದ್ದವು. ಆ ಜಾಲದ ಒಂದು ಕಣ್ಣಿಗೆ ಬೇಲಿ ಹಾಕಿ ಕೌಂಟರ್ ಇಟ್ಟದ್ದು ಆಡಳಿತದ ದೃಷ್ಟಿಯಿಂದ ಅರ್ಥವಾಗುವ ಕೆಲಸ. ಅದು ಊರಿನವರ ದೃಷ್ಟಿಯಿಂದ ಏನನ್ನು ಮುರಿಯಿತೆಂದು ಲೆಕ್ಕ ಹಾಕುವ ಕೆಲಸ ಮಾತ್ರ ನಡೆಯಲೇ ಇಲ್ಲ.

ಹಳೆಯದನ್ನೆಲ್ಲ ಹೊಗಳುವ ಅಪಾಯ ಇಲ್ಲಿದೆ, ಅದನ್ನು ನೇರವಾಗಿ ಎದುರಿಸಬೇಕು. ಹಿಂದಿನ ಪ್ರವೇಶ ಎಲ್ಲರಿಗೂ ಸಮನಾಗಿರಲಿಲ್ಲ. 1904ರ ಕಾಯ್ದೆ ಮರ್ಯಾದೆ ಕೊಟ್ಟ ಧಾರ್ಮಿಕ ಪದ್ಧತಿಯೇ ದಲಿತರನ್ನು ಗುಡಿಯ ಹೊರಗೆ ನಿಲ್ಲಿಸಿತ್ತು. ಮದ್ರಾಸ್ ಪ್ರಾಂತದಲ್ಲಿ 1947ರ ದೇವಾಲಯ ಪ್ರವೇಶ ಕಾಯ್ದೆ ಬರುವವರೆಗೆ ಆ ಹೊರಗಿಡುವಿಕೆಗೆ ಕಾನೂನಿನ ಆಸರೆಯಿತ್ತು. ಆ ಲೆಕ್ಕದಲ್ಲಿ ಟಿಕೆಟ್ಟು ಒಂದು ಒಳ್ಳೆಯದನ್ನು ಮಾಡಿದೆ ಎಂದು ಒಪ್ಪಿಕೊಳ್ಳಲೇಬೇಕು. ಅದು ಜಾತಿ ಕೇಳುವುದಿಲ್ಲ, ಧರ್ಮ ಕೇಳುವುದಿಲ್ಲ. ದುಡ್ಡು ಕೊಟ್ಟವರೆಲ್ಲ ಕಲ್ಲಿನ ರಥದ ಮುಂದೆ ಸರಿಸಮ ನಿಲ್ಲುತ್ತಾರೆ. ಅದಕ್ಕೇ ಊರಿನವರ ಹಕ್ಕನ್ನು ನಾನು ಪದ್ಧತಿಯ ಮೇಲೆ ನಿಲ್ಲಿಸುವುದಿಲ್ಲ. ಪದ್ಧತಿಯ ಮೇಲೆ ನಿಲ್ಲಿಸಿದರೆ ಯಾರ ಪದ್ಧತಿ ಎಂಬ ಪ್ರಶ್ನೆ ಮರುಗಳಿಗೆಯಲ್ಲೇ ಏಳುತ್ತದೆ. ಈ ಊರುಗಳಲ್ಲಿ ಹಲವು ಜಾತಿಯವರಿದ್ದಾರೆ, ಮುಸಲ್ಮಾನರಿದ್ದಾರೆ. ಎರಡನೇ ದೇವರಾಯನ ಕಾಲದಲ್ಲಿ, 1439ರಲ್ಲಿ, ಅಹ್ಮದ್ ಖಾನ್ ಕಟ್ಟಿಸಿದ ಮಸೀದಿ ಈ ನಗರದೊಳಗೇ ನಿಂತಿದೆ, ಕಡ್ಡಿರಾಂಪುರದ ಬಳಿ ಹಳೆಯ ಗೋರಿಗಳಿವೆ. ಹಕ್ಕಿಗೆ ಆಧಾರ ವಾಸ. ಇಲ್ಲಿ ಬಾಳುವುದು, ಬಾಳುವುದರ ಭಾರ ಹೊರುವುದು. ಭಕ್ತಿಯೂ ಬೇಡ, ವಂಶಾವಳಿಯೂ ಬೇಡ.

ಭಾರ ಎಂದೆ. ಅದೇನೆಂದು ಬಿಡಿಸಿ ಹೇಳಬೇಕು, ಏಕೆಂದರೆ ವಾದದ ತಿರುಳು ಅಲ್ಲಿದೆ. 1958ರಲ್ಲಿ ಹೊಸ ಕಾಯ್ದೆ ಬಂತು. ಪ್ರವೇಶದ ಹಕ್ಕು ಅದರ 18ನೇ ಸೆಕ್ಷನ್ ಆಯಿತು, ಮತ್ತೆ ನಿಯಮಗಳಿಗೆ ಒಳಪಟ್ಟು. 1959ರ ನಿಯಮಗಳು ಪ್ರವೇಶ ಶುಲ್ಕಕ್ಕೆ ದಾರಿ ಮಾಡಿದವು; ಸಂರಕ್ಷಿತ ಸ್ಮಾರಕದೊಳಗೆ ಸಾಮಾನು ಮಾರುವುದನ್ನು, ಸಭೆ ಕೂಡುವುದನ್ನು ನಿರ್ಬಂಧಿಸಿ, ಧಾರ್ಮಿಕ ಪದ್ಧತಿಯ ಕೂಟಗಳಿಗೆ ಮಾತ್ರ ಬಿಡುಗಡೆ ಕೊಟ್ಟವು. 1992ರ ಅಧಿಸೂಚನೆ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶವೆಂದು ಗುರುತಿಸಿತು. 2010ರ ತಿದ್ದುಪಡಿ ಅದನ್ನು ಕಾಯ್ದೆಯೊಳಗೇ ತಂದಿತು. ಒಂಟಿ ಸ್ಮಾರಕವಿರುವ ಊರಿನಲ್ಲಿ ಇದು ಕೆಲವೇ ಮನೆಗಳ ಪ್ರಶ್ನೆ. ಹೆಜ್ಜೆಗೊಂದು ಮಂಟಪವಿರುವ ಹಂಪಿಯಲ್ಲಿ, ಕೇಂದ್ರ ಸಂರಕ್ಷಿತ ಸ್ಮಾರಕಗಳೇ ಐವತ್ತಕ್ಕೂ ಹೆಚ್ಚಿರುವಲ್ಲಿ, ಒಂದರ ವೃತ್ತ ಇನ್ನೊಂದರ ಮೇಲೆ ಬಿದ್ದು ಊರಿಗೆ ಊರೇ ಒಳಗಾಗುತ್ತದೆ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2002ರ ರಾಜ್ಯ ಕಾಯ್ದೆಯಿಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ರೂಪುಗೊಂಡಿತು. ಹೊಳೆಯ ಎರಡೂ ದಂಡೆಯ 29 ಗ್ರಾಮಗಳು, ಸುಮಾರು 236 ಚದರ ಕಿಲೋಮೀಟರ್ ನೆಲ ಅದರ ವ್ಯಾಪ್ತಿಗೆ ಬಂದವು. ಮನೆಗೆ ಮಹಡಿ ಏರಿಸುವುದು, ಅಂಗಡಿ ಇಡುವುದು, ಹೊಲವನ್ನು ಬೇರೆ ಉಪಯೋಗಕ್ಕೆ ತಿರುಗಿಸುವುದು, ಎಲ್ಲಕ್ಕೂ ಅನುಮತಿ ಬೇಕಾಯಿತು.

ಎರಡು ಘಟನೆಗಳು ಈ ಭಾರದ ತೂಕವನ್ನು ತೋರಿಸುತ್ತವೆ. ತಳವಾರಘಟ್ಟದಿಂದ ಆನೆಗೊಂದಿಗೆ ಸೇತುವೆ ಬೇಕೆಂಬುದು ಆ ದಂಡೆಯವರ ಬಹುಕಾಲದ ಬೇಡಿಕೆ. ಮಳೆಗಾಲದಲ್ಲಿ ತುಂಗಭದ್ರೆ ತುಂಬಿದರೆ ಹರಿಗೋಲು ನಿಲ್ಲುತ್ತದೆ. ಸುತ್ತುದಾರಿ ಬಹಳ ದೂರದ್ದಾಗಿತ್ತು. ಕೆಲಸ ಶುರುವಾಯಿತು, ಆದರೆ ಆ ಸೇತುವೆಯಿಂದ ಪಾರಂಪರಿಕ ನೋಟಕ್ಕೆ ಧಕ್ಕೆಯೆಂದು ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. 2006ರಲ್ಲಿ ಪಟ್ಟಿಯಿಂದ ಹೊರಬಂತು. 2009ರ ಜನವರಿಯಲ್ಲಿ ಪೂರ್ತಿಯಾಗದ ಆ ಸೇತುವೆ ಕುಸಿದು ಕಾರ್ಮಿಕರು ಸತ್ತರು. ಸೇತುವೆ ಅಲ್ಲಿರಬಾರದಿತ್ತು ಎಂಬ ಸಂರಕ್ಷಕರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಜಗತ್ತಿನ ಕಣ್ಣಿಗೆ ಆ ನೋಟ ಕೆಡದಿರಲೆಂದು ವರ್ಷಗಟ್ಟಲೆ ಹೊಳೆ ದಾಟಲು ಕಷ್ಟಪಟ್ಟವರು ಯಾರು? ಎರಡನೆಯದು ವಿರೂಪಾಕ್ಷನ ಮುಂದಿನ ರಥಬೀದಿಯದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ಗುಡಿಗಳ ಮುಂದಿನ ಬೀದಿಗಳಲ್ಲಿ ಮನೆಗಳನ್ನೂ ಯಾತ್ರಿಕರ ತಂಗುದಾಣಗಳನ್ನೂ ಕಂಡಿದ್ದ. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿನ ಮಂಟಪಗಳ ಕಂಬಗಳ ನಡುವೆ ಗೋಡೆ ಎಬ್ಬಿಸಿ ಜನ ವಾಸಕ್ಕೆ ನಿಂತರು, ಅಂಗಡಿ ಹೋಟೆಲು ಇಟ್ಟರು. 2011ರ ಜುಲೈ ಕೊನೆಯಲ್ಲಿ ಬುಲ್ಡೋಜರ್ ಬಂತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ನೆಲೆ ತಪ್ಪಿತು. ಅವರಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಲಾಯಿತು. ಕಂಬಗಳಿಗೆ ಸಿಮೆಂಟು ಬಳಿದದ್ದು, ಶಿಲ್ಪಗಳನ್ನು ಗೋಡೆಯೊಳಗೆ ಹೂತದ್ದು ಸರಿಯೆಂದು ಯಾರೂ ಹೇಳುವುದಿಲ್ಲ. ಆದರೂ ಪೇಟೆಯ ಬೀದಿಯೆಂದು ಕಟ್ಟಿದ ಜಾಗದಲ್ಲಿ ಪೇಟೆಯೇ ಇರಬಾರದೆಂಬ ತೀರ್ಮಾನವನ್ನು ಚರಿತ್ರೆಯ ಹೆಸರಿನಲ್ಲಿ ತೆಗೆದುಕೊಂಡದ್ದು ನನಗೆ ಇವತ್ತಿಗೂ ಸಮಾಧಾನ ಕೊಡದ ಸಂಗತಿ.

ಈ ಹಿನ್ನೆಲೆಯಲ್ಲಿ ಟಿಕೆಟ್ಟಿನ ದರಗಳ ಏರಿಕೆಯನ್ನು ಓದಬೇಕು. 2000ದ ಆಸುಪಾಸಿನಲ್ಲಿ ವಿದೇಶಿಯರಿಗೆ ಬೇರೆ ದರ ಬಂತು. ವಿಶ್ವ ಪರಂಪರೆಯ ತಾಣಗಳಲ್ಲಿ ಭಾರತೀಯರಿಗಿದ್ದ 10 ರೂಪಾಯಿ 2016ರ ಏಪ್ರಿಲ್‌ನಲ್ಲಿ 30 ಆಯಿತು, ವಿದೇಶಿಯರ 250 ಹೋಗಿ 500 ಆಯಿತು. ಎರಡೂವರೆ ವರ್ಷದೊಳಗೆ 40 ಮತ್ತು 600. ಪ್ರತಿ ಬಾರಿಯೂ ಲೆಕ್ಕಕ್ಕೆ ಬಂದವನು ದೂರದಿಂದ ಒಮ್ಮೆ ಬಂದು ಹೋಗುವ ಪ್ರವಾಸಿ. ರೈಲಿಗೆ, ವಸತಿಗೆ, ಊಟಕ್ಕೆ ಸಾವಿರಾರು ಖರ್ಚು ಮಾಡುವವನಿಗೆ 40 ರೂಪಾಯಿ ಲೆಕ್ಕಕ್ಕೇ ಇಲ್ಲ. ಆದರೆ ಊರಿನವರು ಬರುವ ಬಗೆಯೇ ಬೇರೆ. ಬೇಸಗೆಯ ಸಂಜೆ ಬಂದು ಕೂರುವುದಕ್ಕೆ, ಮನೆಗೆ ಬಂದ ನೆಂಟರಿಗೆ ತೋರಿಸುವುದಕ್ಕೆ, ಹಬ್ಬದ ಮರುದಿನ ಮಕ್ಕಳನ್ನು ಕರೆದುಕೊಂಡು ಓಡಾಡುವುದಕ್ಕೆ, ಅಂದರೆ ಮತ್ತೆ ಮತ್ತೆ ಬರುತ್ತಾರೆ. ಒಮ್ಮೆ ಬರುವವನಿಗಾಗಿ ಮಾಡಿದ ದರವನ್ನು ಮತ್ತೆ ಮತ್ತೆ ಬರುವವರಿಗೆ ಹಾಕಿದರೆ ಕೂಲಿ ಮಾಡುವ ಮನೆಯೊಂದರ ನಾಲ್ವರು ದೊಡ್ಡವರು ಒಂದು ಸಂಜೆಗೆ 160 ರೂಪಾಯಿ ತೆರಬೇಕು. ಸಹಜವಾಗಿ ಅವರು ಬರುವುದನ್ನು ಬಿಡುತ್ತಾರೆ. ಹೀಗೆ ಬಿಟ್ಟವರ ಎಣಿಕೆ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ, ಟಿಕೆಟ್ಟು ಕೊಳ್ಳದವರ ಲೆಕ್ಕ ಯಾರೂ ಇಡುವುದಿಲ್ಲವಾದ್ದರಿಂದ. ಇನ್ನೊಂದು ಮಾತು: ಕೇಂದ್ರದ ಟಿಕೆಟ್ಟಿನ ಹಣ ಸೇರುವುದು ಕೇಂದ್ರದ ಬೊಕ್ಕಸಕ್ಕೆ, ಕಮಲಾಪುರದ ಚರಂಡಿಗೋ ಆನೆಗೊಂದಿಯ ಶಾಲೆಗೋ ಅದು ನೇರವಾಗಿ ಹಿಂದಿರುಗುವ ಏರ್ಪಾಡಿಲ್ಲ. ಸಂರಕ್ಷಣೆಯ ಫಲ ದೇಶಕ್ಕೆಲ್ಲ, ಅದರ ನಿರ್ಬಂಧ 29 ಊರುಗಳಿಗೆ. ಈ ಅಸಮತೋಲವನ್ನು ಉಚಿತ ಪ್ರವೇಶವೊಂದೇ ಸರಿಪಡಿಸದು. ಆದರೆ ಅದನ್ನು ಸರಿಪಡಿಸಲು ಶುರುಮಾಡಬಹುದಾದ ಅತ್ಯಂತ ಸುಲಭದ ಜಾಗ ಇದೇ.

ಸಮಾನತೆಯ ಹೆಸರಿನಲ್ಲಿ ಬರುವ ಆಕ್ಷೇಪವೇ ಇದಕ್ಕೆ ಎದುರಾಗುವವುಗಳಲ್ಲಿ ಗಂಭೀರವಾದದ್ದು. ಹಂಪಿ ಇಡೀ ದೇಶದ ಆಸ್ತಿ. ಕಲಬುರಗಿಯಿಂದ ಬಂದ ಬಡ ಯಾತ್ರಿಕ 40 ರೂಪಾಯಿ ಕೊಡಬೇಕಾದರೆ ಹಂಪಿಯ ಹೋಟೆಲು ಮಾಲೀಕನಿಗೆ ಏಕೆ ಬಿಡುಗಡೆ? ನನ್ನ ಉತ್ತರ ಇದು. ಉಚಿತ ಪ್ರವೇಶವನ್ನು ಬಡತನಕ್ಕೆ ಕೊಡುವ ನೆರವೆಂದು ಕೇಳಿದರೆ ಆಕ್ಷೇಪ ಸರಿ. ಹೊತ್ತ ನಿರ್ಬಂಧಕ್ಕೆ ಪ್ರತಿಫಲವೆಂದು ಕೇಳಿದರೆ ಅಲ್ಲ. ಹೋಟೆಲು ಮಾಲೀಕನಿಗೂ ಮಹಡಿ ಏರಿಸಲು ಅನುಮತಿ ಬೇಕು. ಕಲಬುರಗಿಯ ಯಾತ್ರಿಕನಿಗೆ ಹಂಪಿಯ ಕಾರಣಕ್ಕೆ ಅಂಥ ತೊಡಕಿಲ್ಲ. ಕಾನೂನಿನ ದೃಷ್ಟಿಯಿಂದಲೂ ವಾಸದ ಆಧಾರದ ವಿಂಗಡಣೆ ಅಪರಾಧವಲ್ಲ. ಸಂವಿಧಾನದ 15ನೇ ವಿಧಿ ಜನ್ಮಸ್ಥಳದ ಮೇಲೆ ತಾರತಮ್ಯ ಮಾಡಬಾರದೆನ್ನುತ್ತದೆ. ವಾಸಸ್ಥಳ ಬೇರೆ ಎಂದು ಸುಪ್ರೀಂ ಕೋರ್ಟು 1955ರಲ್ಲೇ ಡಿ.ಪಿ. ಜೋಶಿ ಪ್ರಕರಣದಲ್ಲಿ ಹೇಳಿದೆ. ಇಂದೋರಿನ ವೈದ್ಯಕೀಯ ಕಾಲೇಜು ಮಧ್ಯಭಾರತದ ನಿವಾಸಿಗಳನ್ನು ಬಿಟ್ಟು ಉಳಿದವರಿಂದ ಹೆಚ್ಚುವರಿ ಶುಲ್ಕ ಪಡೆದದ್ದನ್ನು ಆ ತೀರ್ಪು ಎತ್ತಿಹಿಡಿಯಿತು. ಕಾಲೇಜಿಗೆ ಒಪ್ಪಿದ ತರ್ಕ ಸ್ಮಾರಕಕ್ಕೆ ಒಪ್ಪಬಾರದೆಂಬುದಕ್ಕೆ ಕಾರಣ ಕಾಣುವುದಿಲ್ಲ.

ಊರಿನವರೇ ಹಾಳು ಮಾಡುತ್ತಾರೆ, ಬಿಟ್ಟರೆ ಮತ್ತೆ ಒತ್ತುವರಿ ಶುರುವಾಗುತ್ತದೆ ಎಂಬ ಮಾತೂ ಇದೆ. ಒತ್ತುವರಿ ನಡೆದದ್ದು ನಿಜ, ಸುತ್ತಲಿನ ಬಂಡೆಗಳನ್ನು ಒಡೆದದ್ದೂ ನಿಜ. ಆದರೆ ಅವನ್ನು ತಡೆಯುವ ಕಾನೂನುಗಳು ಬೇರೆ ಇವೆ. 40 ರೂಪಾಯಿ ಕೊಟ್ಟವನು ಕಂಬ ಕೆಡವುವುದಿಲ್ಲವೆಂದು ಟಿಕೆಟ್ಟು ಖಾತ್ರಿ ಕೊಡುವುದಿಲ್ಲ. 2019ರ ಫೆಬ್ರುವರಿಯಲ್ಲಿ ಗಜಶಾಲೆಯ ಹಿಂದಿನ ಗುಡಿಯ ಕಂಬವನ್ನು ಉರುಳಿಸಿದ ಯುವಕರ ವಿಡಿಯೋ ದೇಶವೆಲ್ಲ ಹರಡಿತು. ಅವರು ಹೊರ ರಾಜ್ಯಗಳಿಂದ ಬಂದವರು. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಕೆಡವಿದ್ದನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತು. ಈ ಒಂದು ಉದಾಹರಣೆಯಿಂದ ಪ್ರವಾಸಿಗರೆಲ್ಲ ಕೆಟ್ಟವರೆಂದು ಹೇಳುವುದು ಎಷ್ಟು ತಪ್ಪೋ, ಒತ್ತುವರಿಯ ಉದಾಹರಣೆಗಳಿಂದ ಊರಿನವರನ್ನೆಲ್ಲ ಶಂಕಿಸುವುದೂ ಅಷ್ಟೇ ತಪ್ಪು. ಇಷ್ಟು ವಿಸ್ತಾರವಾದ ತಾಣವನ್ನು ಕಾವಲುಗಾರರಿಂದಷ್ಟೇ ಕಾಯಲು ಆಗದು. ತನ್ನದೆಂಬ ಭಾವದಿಂದ ಓಡಾಡುವ ಜನ ಬೇಕು, ಮತ್ತು ಓಡಾಡಲು ಬಿಡದೆ ತನ್ನದೆಂಬ ಭಾವ ಬೆಳೆಯಲಿ ಎಂದರೆ ಬೆಳೆಯುವುದಿಲ್ಲ.

ಊರಿನವರು ಯಾರೆಂದು ಗುರುತಿಸುವುದು ಹೇಗೆ ಎಂದು ಕೇಳುವವರು ಆಗ್ರಾದ ಕಡೆ ನೋಡಬೇಕು. ತಾಜ್ ಮಹಲು ಶುಕ್ರವಾರ ಪ್ರವಾಸಿಗರಿಗೆ ಮುಚ್ಚಿರುತ್ತದೆ, ಆದರೆ ಆವರಣದ ಮಸೀದಿಯಲ್ಲಿ ನಮಾಜಿಗೆ ಸ್ಥಳೀಯರನ್ನು ಬಿಡುತ್ತಾರೆ. 2018ರ ಜನವರಿಯಲ್ಲಿ ಅಲ್ಲಿನ ಆಡಳಿತ ಆಗ್ರಾದ ನಿವಾಸಿಗಳಲ್ಲದವರಿಗೆ ಈ ಅವಕಾಶವಿಲ್ಲವೆಂದು ಆದೇಶಿಸಿತು. ಜುಲೈನಲ್ಲಿ ಸುಪ್ರೀಂ ಕೋರ್ಟು ಆ ಆದೇಶದಲ್ಲಿ ಕೈಹಾಕಲಿಲ್ಲ. ಅಂದರೆ ದೇಶದ ಅತಿ ಹೆಚ್ಚು ಜನ ನೋಡುವ ಸ್ಮಾರಕದ ಬಾಗಿಲಲ್ಲೇ ಗುರುತಿನ ಚೀಟಿ ನೋಡಿ ಸ್ಥಳೀಯರನ್ನು ಬೇರ್ಪಡಿಸುವ ಕೆಲಸ ನಡೆಯುತ್ತಿದೆ. ಅಲ್ಲಿಯೂ ಸ್ಥಳೀಯ ಮನುಷ್ಯ ಕಂಡದ್ದು ಭಕ್ತನಾಗಿ ಮಾತ್ರ ಎಂಬುದನ್ನು ಗಮನಿಸಬೇಕು. 1904ರ ನೋಟ ಇನ್ನೂ ಬದಲಾಗಿಲ್ಲ. ಬೇರೆ ನಾಡುಗಳು ಮುಂದೆ ಹೋಗಿವೆ. ಬಾರ್ಸಿಲೋನಾದ ಪಾರ್ಕ್ ಗ್ಯುಯೆಲ್ 1926ರಿಂದ ನಗರದ ಸಾರ್ವಜನಿಕ ಉದ್ಯಾನ. ಜನದಟ್ಟಣೆ ತಡೆಯಲಾರದೆ 2013ರ ಅಕ್ಟೋಬರಿನಲ್ಲಿ ವಾಸ್ತುಶಿಲ್ಪಿ ಗೌಡಿಯ ಕಟ್ಟಡಗಳಿರುವ ಭಾಗಕ್ಕೆ ಟಿಕೆಟ್ಟು ಹಾಕಿದಾಗ, ಹೆಸರು ನೋಂದಾಯಿಸಿದ ನಗರವಾಸಿಗಳಿಗೆ ಉಚಿತ ಪ್ರವೇಶ ಉಳಿಸಲಾಯಿತು. ಪೆರುವಿನಲ್ಲಿ ಕುಸ್ಕೊ ಪ್ರಾಂತದವರು ಭಾನುವಾರಗಳಲ್ಲಿ ಮಾಚು ಪಿಚುಗೆ ಶುಲ್ಕವಿಲ್ಲದೆ ಹೋಗಬಹುದು. ಅಲ್ಲಿ ಯಾರೂ ಪೂಜೆಯ ನೆಪ ಕೇಳುವುದಿಲ್ಲ. ಅಂಥ ಏರ್ಪಾಡುಗಳಲ್ಲೂ ಜಗಳಗಳಿವೆ. ಉಚಿತವಾದರೂ ಮೊದಲೇ ಹೆಸರು ಬರೆಸಬೇಕೆಂಬುದು ಬಾರ್ಸಿಲೋನಾದ ನೆರೆಹೊರೆಯವರನ್ನು ಕೆರಳಿಸಿತು. ಹಂಪಿ ಕಲಿಯಬೇಕಾದದ್ದು ಅದನ್ನೂ ಸೇರಿಸಿ.

ಆದಾಯದ ಆಕ್ಷೇಪ ಬಹಳ ಹೊತ್ತು ನಿಲ್ಲುವುದಿಲ್ಲ. ಏಪ್ರಿಲ್ 18ರ ವಿಶ್ವ ಪರಂಪರೆ ದಿನ, ನವೆಂಬರ್ 19 ಮುಂತಾದ ದಿನಗಳಲ್ಲಿ ಇಲಾಖೆಯೇ ಎಲ್ಲರಿಗೂ ಬಾಗಿಲು ತೆರೆಯುತ್ತದೆ. ಸ್ವಾತಂತ್ರ್ಯದ ಅಮೃತ ಮಹೋತ್ಸವವೆಂದು 2022ರ ಆಗಸ್ಟ್ 5ರಿಂದ 15ರವರೆಗೆ ದೇಶದ ಎಲ್ಲ ಕೇಂದ್ರ ಸ್ಮಾರಕಗಳಿಗೂ ಉಚಿತ ಪ್ರವೇಶವಿತ್ತು. ಬೊಕ್ಕಸ ಬರಿದಾಗಲಿಲ್ಲ. ಇನ್ನು, ಊರಿನವರೆಂದರೆ ಕಾವಲಿನವರು ಹೇಗೂ ಬಿಡುತ್ತಾರೆ, ಅದಕ್ಕೆ ನಿಯಮವೇಕೆ ಎನ್ನುವವರಿಗೆ: ಕಾವಲಿನವನ ಪರಿಚಯದ ಮೇಲೆ ನಿಂತ ಪ್ರವೇಶ ಆ ಕಾವಲಿನವನಿಗೆ ವರ್ಗವಾದ ದಿನ ಮುಗಿಯುತ್ತದೆ. ಅದು ಮೇಲುಜಾತಿಯ ಪರಿಚಿತನಿಗೆ ಬೇಗ ಸಿಗುತ್ತದೆ, ಕೇರಿಯ ಹೆಂಗಸಿಗೆ ತಡವಾಗಿ ಸಿಗುತ್ತದೆ ಅಥವಾ ಸಿಗುವುದೇ ಇಲ್ಲ. ಬರೆದಿಟ್ಟ ನಿಯಮವೇ ಅವಳಿಗೆ ಆಸರೆ.

ಬೇಕಾದ ನಿಯಮ ಬಹಳ ದೊಡ್ಡದಲ್ಲ. 1959ರ ನಿಯಮಗಳ ಶುಲ್ಕದ ಭಾಗಕ್ಕೆ ಕೇಂದ್ರ ಸರ್ಕಾರ ಒಂದು ತಿದ್ದುಪಡಿ ತಂದು, ಸ್ಮಾರಕದ ಕಾರಣಕ್ಕೆ ಕಾನೂನಿನ ನಿರ್ಬಂಧ ಹೊತ್ತ ಊರುಗಳ ನಿವಾಸಿಗಳಿಗೆ ಶುಲ್ಕವಿಲ್ಲವೆಂದು ಹೇಳಬೇಕು. ಹಂಪಿಯಲ್ಲಿ ಯಾವ ಊರುಗಳು ಎಂಬ ಚರ್ಚೆ ಹೊಸದಾಗಿ ಬೇಕಿಲ್ಲ: 2002ರ ಕಾಯ್ದೆ 29 ಗ್ರಾಮಗಳನ್ನು ಆಗಲೇ ಗುರುತಿಸಿದೆ, ಅನುಮತಿ ಕೇಳುವಾಗ ಬಳಕೆಯಾಗುವ ಗಡಿಯೇ ಪ್ರವೇಶಕ್ಕೂ ಬಳಕೆಯಾಗಲಿ. ಹೊಳೆಯ ಎರಡೂ ದಂಡೆಗಳು ಅದರಲ್ಲಿವೆ, ವಿಜಯನಗರ ಜಿಲ್ಲೆಯೂ ಕೊಪ್ಪಳ ಜಿಲ್ಲೆಯೂ. ರೇಷನ್ ಕಾರ್ಡಾಗಲಿ ಆಧಾರ್ ಆಗಲಿ ತೋರಿಸಿದರೆ ಸಾಕು. ಮೊದಲೇ ಹೆಸರು ಬರೆಸುವ, ಆ್ಯಪಿನಲ್ಲಿ ಹೊತ್ತು ಕಾದಿರಿಸುವ ಗೋಜು ಬೇಡ. ರಾಜ್ಯದ ಕೈಯಲ್ಲಿರುವ ವಿಷಯಗಳಿಗೆ ದೆಹಲಿಯ ದಾರಿ ಕಾಯಬೇಕಾಗಿಲ್ಲ. ವಿಠ್ಠಲ ದೇವಾಲಯಕ್ಕೆ ಖಾಸಗಿ ವಾಹನಗಳನ್ನು ತಡೆದು ಓಡಿಸುವ ಬ್ಯಾಟರಿ ಗಾಡಿಗಳಲ್ಲಿ ಆ ಊರುಗಳ ಮುದುಕರಿಗೆ ಉಚಿತ ಸೀಟು, ಹಂಪಿ ಉತ್ಸವದ ದಿನಗಳಲ್ಲಿ ಬೀದಿಗಳಿಗೆ ಅಡ್ಡಗಟ್ಟೆ ಹಾಕುವಾಗ ಹೊಲಕ್ಕೆ ಹೋಗುವವರಿಗೆ ದಾರಿ, ಇವು ಜಿಲ್ಲಾಡಳಿತದ ಒಂದು ಸುತ್ತೋಲೆಯಿಂದ ಆಗುವ ಕೆಲಸಗಳು. ಒಂದು ಅಂಶವನ್ನು ಮಾತ್ರ ನಿಯಮದಲ್ಲಿ ಬಿಡಿಸಿ ಬರೆಯಬೇಕು. 2011ರಲ್ಲಿ ರಥಬೀದಿಯಿಂದ ಎಬ್ಬಿಸಿದ ಕುಟುಂಬಗಳಲ್ಲಿ ಕೆಲವರು ಆಮೇಲೆ ಬೇರೆಡೆ ನೆಲೆಸಿರಬಹುದು, ಅವರ ಈಗಿನ ವಿಳಾಸ ಆ 29 ಹಳ್ಳಿಗಳ ಹೊರಗೆ ಬೀಳಬಹುದು. ಅವರು ವಾಸ ಬಿಟ್ಟದ್ದು ತಮ್ಮ ಇಚ್ಛೆಯಿಂದಲ್ಲ. ತೆರವಿನ ದಿನದ ಪಟ್ಟಿಯಲ್ಲಿದ್ದ ಮನೆಯವರಿಗೂ ಅವರ ಮಕ್ಕಳಿಗೂ ಅವರು ಎಲ್ಲೇ ಇರಲಿ ಈ ಹಕ್ಕು ಸಲ್ಲಬೇಕು.